ಕೆಟ್ಟದ್ದು ಟ್ಯೂಬು, ಎಸೆದದ್ದು ದೀಪ

ಮಲೆನಾಡಿನಿಂದ ಎಂಜಿನಿಯರಿಂಗ್ ಕಲಿಯಲು ಹೊರಡುವ ಮಕ್ಕಳಲ್ಲಿ ಹಲವರು ಬೆಂಗಳೂರಿನ ವಾಯವ್ಯ ಅಂಚಿನ ಚಿಕ್ಕಬಾಣಾವರದ ಆಸುಪಾಸಿನಲ್ಲಿ ಕೊಠಡಿ ಹಿಡಿಯುತ್ತಾರೆ. ಹೆಸರಘಟ್ಟ ರಸ್ತೆಯ ಗುಂಟ ಕಾಲೇಜುಗಳಿವೆ, ಸಮೀಪದಲ್ಲೇ ಪೀಣ್ಯದ ಕಾರ್ಖಾನೆಗಳಿವೆ. 2017ರಲ್ಲಿ ಹಾಸನದ ನೇರ ರೈಲುಮಾರ್ಗ ತೆರೆದ ಮೇಲೆ ಆ ಕಡೆಯ ಗಾಡಿಗಳು ನಗರವನ್ನು ಹೊಗುವುದೂ ಈ ಊರಿನ ಜಂಕ್ಷನ್ನಿನ ಮೂಲಕವೇ. ಓದು ಮುಗಿದು ಕೊಠಡಿಗಳು ತೆರವಾಗುವ ಕಾಲಕ್ಕೆ ಗುಜರಿ ಅಂಗಡಿಗೆ ಸಾಗುವ ಸಾಮಾನಿನಲ್ಲಿ ಓದುವ ಮೇಜಿನ ದೀಪಗಳಿರುತ್ತವೆ. ಬಾಗುವ ಕತ್ತು, ಸ್ವಿಚ್ಚು, ಛಾವಣಿ ಎಲ್ಲವೂ ನೆಟ್ಟಗಿರುತ್ತವೆ. ಕೆಟ್ಟಿರುವುದು ಒಳಗಿನ 11 ವ್ಯಾಟಿನ ಟ್ಯೂಬು ಮಾತ್ರ. ಅಂಥ ಟ್ಯೂಬು ಈಗ ಅಂಗಡಿಯಲ್ಲಿ ಸಿಗುವುದು ಅಪರೂಪ. ಆದ್ದರಿಂದ ದೀಪವೇ ಕಸವಾಗುತ್ತದೆ.

ಈ ದೀಪಕ್ಕೆ ಎಲ್‌ಇಡಿಯ ಮರುಜನ್ಮ ಕೊಡುವುದು ಕಷ್ಟದ ವಿದ್ಯೆಯಲ್ಲ. ಬೇಕಾದ ಬಿಡಿಭಾಗಗಳು ಹೆಚ್ಚುಕಡಿಮೆ ಎಲ್ಲವೂ ಅದೇ ಗುಜರಿಯಲ್ಲಿವೆ. ಹಾಳಾದ ಇಂಟರ್‌ನೆಟ್ ಪೆಟ್ಟಿಗೆಯ ಜೊತೆ ಬಂದ 12 ವೋಲ್ಟ್ ಅಡಾಪ್ಟರ್ ಬಹುಪಾಲು ಸುಸ್ಥಿತಿಯಲ್ಲಿಯೇ ಇರುತ್ತದೆ. ಬ್ಯಾಟರಿ ಸತ್ತ ಸೌರ ಲಾಟೀನಿನಲ್ಲಿ ಅಥವಾ ಎಮರ್ಜೆನ್ಸಿ ದೀಪದಲ್ಲಿ 1 ವ್ಯಾಟಿನ ಎಲ್‌ಇಡಿಗಳು ಸಿಗುತ್ತವೆ. ಶಾಖ ಹೀರಲು ಅಲ್ಯೂಮಿನಿಯಂ ಕಿಟಕಿ ಮಾಡುವವರು ಬಿಸಾಡಿದ ಗೇಣುದ್ದದ ಚಾನೆಲ್ ತುಂಡು ಸಾಕು. ಉಳಿದದ್ದಕ್ಕೆ ಬೆಂಗಳೂರಿನ ಎಸ್‌.ಪಿ. ರಸ್ತೆ ಇದ್ದೇ ಇದೆ.

ಕೆಲಸದ ಕ್ರಮ ಹೀಗೆ. ಮೊದಲು ಹಳೆಯ ವಯರನ್ನೂ ಬುಡದಲ್ಲಿರುವ ಚೋಕನ್ನೂ ಪೂರ್ತಿ ಕಳಚಬೇಕು. 230 ವೋಲ್ಟ್ ಇನ್ನು ದೀಪದೊಳಗೆ ಬರಕೂಡದು. ಮೂರು ಎಲ್‌ಇಡಿಗಳನ್ನು ಒಂದರ ಬೆನ್ನಿಗೊಂದು ಸರಣಿಯಲ್ಲಿ ಬೆಸೆದರೆ ಅವು ಸುಮಾರು 9.6 ವೋಲ್ಟ್ ಬೇಡುತ್ತವೆ. ಮಿಕ್ಕ 2.4 ವೋಲ್ಟನ್ನು 10 ಓಮ್‌ನ, 2 ವ್ಯಾಟ್ ತಾಳುವ ರೆಸಿಸ್ಟರ್ ನುಂಗುತ್ತದೆ. ಹರಿಯುವ ವಿದ್ಯುತ್ತು ಕಾಲು ಆಂಪಿಯರಿಗಿಂತ ತುಸು ಕಡಿಮೆ. ಎಲ್‌ಇಡಿಯ ಮಿತಿ 0.35 ಆಂಪಿಯರ್ ಆದ್ದರಿಂದ ಅದು ತಣ್ಣಗೆ ಬಹುಕಾಲ ಬಾಳುತ್ತದೆ. ಅಡಾಪ್ಟರಿನ ತಂತಿ ಹಳೆಯ ಸ್ವಿಚ್ಚಿನ ಮೂಲಕವೇ ಹೋಗಲಿ. ಚೋಕ್ ತೆಗೆದ ಮೇಲೆ ಬುಡ ಹಗುರಾಗಿ ದೀಪ ಮುಂದಕ್ಕೆ ವಾಲುತ್ತದೆ. ಹೊಳೆಯ ಉರುಟು ಕಲ್ಲೊಂದನ್ನು ಒಳಗಿಟ್ಟರೆ ಆಯಿತು.

ಕೆಟ್ಟ ಎಲ್‌ಇಡಿ ಬಲ್ಬಿನ ಬಿಲ್ಲೆಯನ್ನೇ ಕಿತ್ತು ಜೋಡಿಸೋಣವೆಂದು ಹೊರಡುವವರಿಗೆ ಒಂದು ಎಚ್ಚರಿಕೆ. ಅಗ್ಗದ ಬಲ್ಬುಗಳ ಒಳಗಿನ ಮಂಡಲಕ್ಕೂ ಗೋಡೆಯ ಕರೆಂಟಿಗೂ ನಡುವೆ ಟ್ರಾನ್ಸ್‌ಫಾರ್ಮರಿನ ತಡೆಯೇ ಇರುವುದಿಲ್ಲ. ಮುಚ್ಚಳ ತೆಗೆದು ಉರಿಸಿದರೆ ಬಿಲ್ಲೆಯ ಮೇಲಿನ ಒಂದೊಂದು ಬೆಸುಗೆಯೂ ಜೀವಕ್ಕೆ ಎರವಾಗಬಲ್ಲದು. ಅಲ್ಲಿನ ಎಲ್‌ಇಡಿಗಳಲ್ಲಿ ಹಲವು ಒಂದೊಂದಕ್ಕೇ 9 ಅಥವಾ 18 ವೋಲ್ಟ್ ಬೇಡುತ್ತವೆ. ಮಲ್ಟಿಮೀಟರ್ ಹಿಡಿಯಲು ಬರುವವರು ಪಕ್ಕದಲ್ಲಿಲ್ಲದೆ ಮಕ್ಕಳು ಈ ದಾರಿ ತುಳಿಯಬಾರದು.

ಇಷ್ಟೆಲ್ಲ ಮಾಡಿ ಉಳಿಸಿದ್ದೆಷ್ಟು? ಹಳೆಯ ಟ್ಯೂಬು ಚೋಕಿನ ನಷ್ಟವೂ ಸೇರಿ 14 ವ್ಯಾಟ್ ಎಳೆಯುತ್ತಿತ್ತು ಎನ್ನೋಣ. ಹೊಸ ಏರ್ಪಾಟು 4 ವ್ಯಾಟ್ ಎಳೆಯುತ್ತದೆ. ದಿನಕ್ಕೆ ನಾಲ್ಕು ಗಂಟೆ ಓದಿದರೆ ವರ್ಷಕ್ಕೆ ಹದಿನಾಲ್ಕು ಹದಿನೈದು ಯೂನಿಟ್ ಉಳಿತಾಯ. ಇಷ್ಟರಿಂದಲೇ ನದಿ ಉಳಿಯುತ್ತದೆ, ಕಾಡು ಉಳಿಯುತ್ತದೆ ಎಂದು ಯಾರಾದರೂ ಭಾಷಣ ಮಾಡಿದರೆ ನಂಬಬೇಡಿ. 1905ರಲ್ಲಿ ಶಿವನಸಮುದ್ರದ ನೀರಿನಿಂದ ಬೆಂಗಳೂರಿನ ಬೀದಿಗಳು ಬೆಳಗಿದಂದಿನಿಂದ, 1964ರಲ್ಲಿ ಲಿಂಗನಮಕ್ಕಿಯ ಹಿನ್ನೀರು ಊರುಗಳನ್ನು ನುಂಗಿದ್ದನ್ನೂ ಕಂಡು, ನಗರದ ಬೆಳಕಿನ ಬೆಲೆ ಬಲ್ಲವರು ನಾವು. ಆ ಲೆಕ್ಕ ಮೇಜಿನ ದೀಪದಿಂದ ತೀರುವಂಥದ್ದಲ್ಲ.

ನಮ್ಮ ಆಸಕ್ತಿ ಬೇರೆ ಕಡೆ ಇದೆ. 2015ರಲ್ಲಿ ಕೇಂದ್ರ ಸರ್ಕಾರದ ಉಜಾಲಾ ಯೋಜನೆ ಮತ್ತು ಕರ್ನಾಟಕದ ಹೊಸಬೆಳಕು ಯೋಜನೆಗಳು ಎಲ್‌ಇಡಿ ಬಲ್ಬನ್ನು ಕಡಿಮೆ ಬೆಲೆಗೆ ಮನೆಮನೆಗೆ ಮುಟ್ಟಿಸಿದವು. ಅದು ಒಳ್ಳೆಯ ಕೆಲಸವೇ. ಆದರೆ ಹೊರಬಂದ ಬಲ್ಬುಗಳಲ್ಲಿ ಬಹುಪಾಲು ತೆರೆಯಲಾಗದಂತೆ ಅಂಟಿಸಿದಂಥವು. ಎಲ್‌ಇಡಿ ತಾನಾಗಿ ಸಾವಿರಾರು ಗಂಟೆ ಬಾಳುತ್ತದೆ; ಮೊದಲು ಸಾಯುವುದು ಅದಕ್ಕೆ ವಿದ್ಯುತ್ತು ಉಣಿಸುವ ಮಂಡಲದ ಕೆಪಾಸಿಟರು, ಇಲ್ಲವೇ ಸರಣಿಯ ಒಂದು ಎಲ್‌ಇಡಿ. ಕಾಳಿನಷ್ಟು ದೊಡ್ಡ ಕಪ್ಪು ಚುಕ್ಕೆ ಬಿದ್ದರೆ ಇಡೀ ಬಲ್ಬು ಆರುತ್ತದೆ. ವೋಲ್ಟೇಜು ಏರಿಳಿಯುವ, ಮಳೆಗಾಲದಲ್ಲಿ ಸಿಡಿಲು ಬಡಿಯುವ ನಮ್ಮ ಲೈನುಗಳಲ್ಲಿ ಅದಕ್ಕೆ ಬಹಳ ದಿನ ಬೇಕಾಗುವುದಿಲ್ಲ. ಲಾಟೀನಿನ ಬತ್ತಿ ಬದಲಿಸುವುದನ್ನು ಮನೆಯ ಮಗುವೂ ಬಲ್ಲದಾಗಿತ್ತು. ಬಿಚ್ಚಲು ಬಾರದ ವಸ್ತು ನಮ್ಮದಾಗಿರುವುದು ಬಿಲ್ಲಿನಲ್ಲಿ ಮಾತ್ರ.

ಮೇಲೆ ಹೇಳಿದ ದೀಪದಲ್ಲಾದರೋ ಎಲ್ಲವೂ ಕಣ್ಣಿಗೆ ಕಾಣುತ್ತದೆ. ಅಡಾಪ್ಟರ್ ಸತ್ತರೆ ಇನ್ನೊಂದು, ಎಲ್‌ಇಡಿ ಸತ್ತರೆ ಅದೊಂದನ್ನೇ ಬದಲಿಸಬಹುದು. ಮಲೆನಾಡಿಗೆ ಇನ್ನೊಂದು ಅನುಕೂಲವುಂಟು. ಆಷಾಢದಲ್ಲಿ ಮರ ಬಿದ್ದು ವಾರಗಟ್ಟಲೆ ಕರೆಂಟು ಇಲ್ಲದಾಗ ಇದೇ ದೀಪವನ್ನು ಮನೆಯ ಸೌರದೀಪದ 12 ವೋಲ್ಟ್ ಬ್ಯಾಟರಿಗೆ ಇನ್ವರ್ಟರಿನ ಹಂಗಿಲ್ಲದೆ ನೇರವಾಗಿ ಕೊಡಬಹುದು. ಆಗ 10 ಓಮ್ ಬದಲು 15 ಓಮ್‌ನ, 5 ವ್ಯಾಟ್ ತಾಳುವ ರೆಸಿಸ್ಟರ್ ಹಾಕಬೇಕು. ಚಾರ್ಜ್ ಆಗುವ ಹೊತ್ತಿನಲ್ಲಿ ಬ್ಯಾಟರಿ 14 ವೋಲ್ಟ್ ದಾಟುತ್ತದೆ. ಬೆಳಕು ತುಸು ಕುಂದಿದರೂ ಪುಸ್ತಕಕ್ಕೆ ಕೊರತೆಯಾಗದು.

2015ರಲ್ಲಿ ಬೆಂಗಳೂರಿನಲ್ಲಿ ರಿಪೇರಿ ಕೆಫೆ ಎಂಬ ಕೂಟ ಆರಂಭವಾಯಿತು. ಕೆಟ್ಟ ವಸ್ತುವನ್ನು ತಂದವರೇ ಬಲ್ಲವರ ಜೊತೆ ಕೂತು ಸರಿಮಾಡಿಕೊಳ್ಳುವ ಪದ್ಧತಿ ಅದು. ನಮ್ಮ ಊರುಗಳಲ್ಲಿ ಇದಕ್ಕೆ ಹೊಸ ಹೆಸರೂ ಬೇಕಿಲ್ಲ. ರೇಡಿಯೋ ರಿಪೇರಿಯವರು, ಪಂಪಿನ ವೈಂಡಿಂಗ್ ಮಾಡುವವರು ಇನ್ನೂ ಇದ್ದಾರೆ. ಚಿಕ್ಕಬಾಣಾವರದಿಂದ ರಜೆಗೆ ಬರುವ ವಿದ್ಯಾರ್ಥಿಗಳು ಶಾಲೆಯ ಜಗಲಿಯಲ್ಲಿ ಒಂದು ಭಾನುವಾರ ಅವರ ಪಕ್ಕ ಕೂತರೆ, ಎಲೆಕ್ಟ್ರಾನಿಕ್ಸ್ ಪದವಿ ಪಡೆದೂ ಬೆಸುಗೆ ಕಡ್ಡಿ ಹಿಡಿಯದವರಿಗೂ ಪ್ರಯೋಜನವಾದೀತು.

ಕಿತ್ತ ಟ್ಯೂಬಿನ ವಿಷಯ ಉಳಿಯಿತು. ಅದರಲ್ಲಿ ಕೆಲವು ಮಿಲಿಗ್ರಾಂ ಪಾದರಸವಿದೆ. ಹಿತ್ತಲಲ್ಲಿ ಒಡೆಯಬಾರದು, ಹಳ್ಳಕ್ಕೆ ಎಸೆಯಬಾರದು. ದೇಶದಲ್ಲಿ 2012ರಿಂದ ಇ-ತ್ಯಾಜ್ಯ ನಿಯಮಗಳು ಜಾರಿಯಲ್ಲಿವೆ. 2023ರ ಏಪ್ರಿಲ್‌ನಿಂದ ಬಂದ ಹೊಸ ನಿಯಮಗಳು ಮರುಬಳಕೆಯ ಹೊಣೆಯನ್ನು ಉತ್ಪಾದಕರ ಮೇಲೆ ಹೊರಿಸಿವೆ. ಇಂಥ ತ್ಯಾಜ್ಯವನ್ನು ಬೇರ್ಪಡಿಸುವ ಘಟಕ 2005ರಷ್ಟು ಹಿಂದೆಯೇ ದಾಬಸ್‌ಪೇಟೆಯಲ್ಲಿ ಶುರುವಾಗಿದೆ. ಘಟ್ಟದ ಹಳ್ಳಿಯಿಂದ ಅಲ್ಲಿಯವರೆಗೆ ಒಯ್ಯುವವರು ಯಾರು ಎಂಬುದನ್ನು ಮುಂದಿನ ಗ್ರಾಮಸಭೆಯಲ್ಲಿ ಎತ್ತಿ, ಪಂಚಾಯಿತಿಯ ಕಸದ ಗಾಡಿಯಲ್ಲಿ ಇದಕ್ಕೊಂದು ಪ್ರತ್ಯೇಕ ಡಬ್ಬಿ ಇಡುವಂತೆ ಬರವಣಿಗೆಯಲ್ಲಿ ಕೇಳಿ. ಅಲ್ಲಿಯವರೆಗೆ ಟ್ಯೂಬನ್ನು ಪತ್ರಿಕೆಯಲ್ಲಿ ಸುತ್ತಿ, ರಟ್ಟಿನ ಪೆಟ್ಟಿಗೆಯಲ್ಲಿಟ್ಟು, ಮಕ್ಕಳ ಕೈಗೆ ಎಟುಕದಂತೆ ಅಟ್ಟದ ಮೇಲೆ ಇಡಿ.