ಗಿರಣಿ ಕಾರ್ಮಿಕನ ಮಗುವಿಗೂ ಪ್ರಯೋಗಶಾಲೆ ಬೇಕು

ಸಂಜೆ ಶಾಲೆಯ ಗಂಟೆ ಬಾರಿಸಿದೊಡನೆ ಊರಿನ ಮಕ್ಕಳು ಎರಡು ದಾರಿ ಹಿಡಿಯುತ್ತಾರೆ. ಉಳ್ಳವರ ಮಕ್ಕಳು ಟ್ಯೂಷನ್ನಿಗೆ, ಕಂಪ್ಯೂಟರ್ ತರಗತಿಗೆ, ರೋಬೋಟ್ ಜೋಡಿಸಲು ಕಲಿಸುವ ಖಾಸಗಿ ಕೇಂದ್ರಕ್ಕೆ ಹೋಗುತ್ತಾರೆ. ಗಿರಣಿ ಕಾರ್ಮಿಕನ ಮಗಳು ತಮ್ಮನನ್ನು ಸೊಂಟದ ಮೇಲೆ ಹೊತ್ತು ನಲ್ಲಿಯ ಸಾಲಿನಲ್ಲಿ ನಿಲ್ಲುತ್ತಾಳೆ. ಕಿರಾಣಿ ಅಂಗಡಿಯವನ ಮಗ ತಕ್ಕಡಿಯ ಮುಂದೆ ಕೂಡುತ್ತಾನೆ. ಕೊನೆಗೆ ಪರೀಕ್ಷೆಯ ದಿನ ಇವರೆಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗಿ, ಇವನು ಬುದ್ಧಿವಂತ, ಅವಳು ದಡ್ಡಿ ಎಂದು ತೀರ್ಪು ಕೊಡುವುದು ಯಾವ ನ್ಯಾಯ?

ವಿಜ್ಞಾನ ಉರುಹೊಡೆದು ಬರುವ ವಿದ್ಯೆಯಲ್ಲ. ಕೈಯಿಂದ ಮಾಡಿ, ಕೆಡಿಸಿ, ಮತ್ತೆ ಮಾಡಿ ಕಲಿಯತಕ್ಕದ್ದು. ವೈಜ್ಞಾನಿಕ ಮನೋಭಾವ ಬೆಳೆಸಿಕೊಳ್ಳುವುದು ಪ್ರತಿಯೊಬ್ಬ ನಾಗರಿಕನ ಕರ್ತವ್ಯವೆಂದು 1976ರ ತಿದ್ದುಪಡಿಯಿಂದ ನಮ್ಮ ಸಂವಿಧಾನದಲ್ಲಿಯೇ ಬರೆದಿದೆ. ಕರ್ತವ್ಯವನ್ನು ಎಲ್ಲರ ಹೆಗಲಿಗೂ ಹೊರಿಸಿ, ಸಲಕರಣೆಯನ್ನು ಕೆಲವರ ಕೈಗೆ ಮಾತ್ರ ಕೊಟ್ಟರೆ ಅದಕ್ಕೆ ಏನೆನ್ನಬೇಕು?

ಸರಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2016ರಲ್ಲಿ ಆರಂಭವಾದ ಕೇಂದ್ರದ ಯೋಜನೆಯಡಿ ದೇಶದಲ್ಲಿ 10,000 ಅಟಲ್ ಟಿಂಕರಿಂಗ್ ಪ್ರಯೋಗಶಾಲೆಗಳು ಸ್ಥಾಪನೆಯಾಗಿವೆ. ಮುಂದಿನ 5 ವರ್ಷಗಳಲ್ಲಿ ಸರಕಾರಿ ಶಾಲೆಗಳಲ್ಲಿಯೇ 50,000 ತೆರೆಯುವೆವೆಂದು 2025ರ ಫೆಬ್ರವರಿಯ ಬಜೆಟ್ಟಿನಲ್ಲಿ ಘೋಷಿಸಲಾಯಿತು. ಇದು ಸ್ವಾಗತಾರ್ಹ. ಆದರೆ ಮೊದಲ ಸುತ್ತಿನ ಲೆಕ್ಕವನ್ನು ಬಿಚ್ಚಿ ನೋಡದೆ ಎರಡನೆಯದಕ್ಕೆ ಚಪ್ಪಾಳೆ ತಟ್ಟುವುದು ತರವಲ್ಲ.

ಆ ಲೆಕ್ಕ ಹೀಗಿತ್ತು: ಒಂದು ಶಾಲೆಗೆ ಒಟ್ಟು 20 ಲಕ್ಷ ರೂಪಾಯಿ. ಅದರಲ್ಲಿ 10 ಲಕ್ಷ ಯಂತ್ರ ಸಲಕರಣೆಗೆ. ಉಳಿದ 10 ಲಕ್ಷ 5 ವರ್ಷ ನಡೆಸುವುದಕ್ಕೆ. ಅಂದರೆ ತಿಂಗಳಿಗೆ 17,000 ರೂಪಾಯಿಯೂ ಆಗುವುದಿಲ್ಲ. ತಂತಿ, ಬಿಡಿಭಾಗ, ರಿಪೇರಿ, ಕಲಿಸುವವರ ಗೌರವಧನ ಎಲ್ಲವೂ ಇದರಲ್ಲಿಯೇ ಮುಗಿಯಬೇಕು. ಗಿರಣಿಯಲ್ಲಿ ದುಡಿದವನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ: ಯಂತ್ರ ತಂದು ನಿಲ್ಲಿಸಿ, ನಡೆಸುವ ಕೈಗೆ ಕೂಲಿ ಕೊಡದಿದ್ದರೆ ಅದಕ್ಕೆ ತುಕ್ಕು ಹಿಡಿಯುತ್ತದೆ. ಐದು ವರ್ಷ ಕಳೆದ ಮೇಲೆ ಖರ್ಚು ಯಾರದು?

ಇನ್ನೊಂದು ಷರತ್ತನ್ನು ಗಮನಿಸಿ. ಬಯಲು ಸೀಮೆಯ ಶಾಲೆ 1,500 ಚದರಡಿ ಕಟ್ಟಿದ ಜಾಗ ತೋರಿಸಬೇಕಾಗಿತ್ತು. ಮಳೆಗಾಲದಲ್ಲಿ ಎರಡು ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂಡಿಸುವ ಶಾಲೆ ಅಷ್ಟು ಜಾಗವನ್ನು ಎಲ್ಲಿಂದ ತಂದೀತು? ಖಾಸಗಿ ಶಾಲೆಗಳೂ ಅರ್ಜಿ ಹಾಕಬಹುದಾಗಿದ್ದ ಈ ಪಂದ್ಯದಲ್ಲಿ ಇದ್ದವರೇ ಮುಂದೆ, ಇಲ್ಲದವರು ಹಿಂದೆ.

ಕಂಪನಿಗಳು ಕೊಡುತ್ತವಲ್ಲ ಎಂದು ಕೆಲವರು ಹೇಳುತ್ತಾರೆ. 2013ರ ಕಾನೂನಿನ ಪ್ರಕಾರ ದೊಡ್ಡ ಕಂಪನಿಗಳು ಲಾಭದ ಶೇಕಡಾ 2ನ್ನು ಸಮಾಜಕಾರ್ಯಕ್ಕೆ ವೆಚ್ಚ ಮಾಡಬೇಕು, ನಿಜ. ಆದರೆ ಯಾವ ಕಾರ್ಯಕ್ಕೆಂಬುದನ್ನು ಆರಿಸುವವರು ಅವರೇ. ಆದ್ಯತೆ ಕಂಪನಿ ಇರುವ ಪ್ರದೇಶಕ್ಕೆ. ದೊಡ್ಡ ಕಂಪನಿಯೇ ಇಲ್ಲದ ಊರಿನ ಮಗು ಏನು ಮಾಡಬೇಕು? ದಾನ ಬಂದರೆ ಬರಲಿ, ಬೇಡವೆನ್ನುವುದಿಲ್ಲ. ಮಗುವಿನ ಕಲಿಕೆ ಮಾತ್ರ ದಾನಿಯ ಮರ್ಜಿಗೆ ಕಾದು ನಿಲ್ಲಕೂಡದು.

ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಹಳೆಯ ಉತ್ತರವಿದೆ. ರಾಷ್ಟ್ರೀಯ ಆದಾಯದ ಶೇಕಡಾ 6ನ್ನು ಶಿಕ್ಷಣಕ್ಕೆ ಕೊಡಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 2020ರ ಶಿಕ್ಷಣ ನೀತಿಯೂ ಅದೇ 6ನ್ನೇ ಜಪಿಸಿತು. ನಮ್ಮ ರಾಜ್ಯದಲ್ಲಿ 1965ರ ಕಾನೂನಿನಂತೆ ಮನೆ, ಅಂಗಡಿಗಳ ತೆರಿಗೆಯ ಜೊತೆಗೆ ಗ್ರಂಥಾಲಯ ಕರವನ್ನೂ ಕಟ್ಟುತ್ತಿದ್ದೇವೆ. ಊರಿನ ಓದಿಗೆ ಊರೇ ಹಣ ಕೂಡಿಸಬಹುದಾದರೆ ಊರಿನ ಪ್ರಯೋಗಕ್ಕೆ ಏಕಾಗದು?

ಆದಕಾರಣ ನಮ್ಮ ಬೇಡಿಕೆ ಸ್ಪಷ್ಟ. ಕಾರ್ಮಿಕರ ಬಡಾವಣೆಗೊಂದು ಸಂಜೆ ಪ್ರಯೋಗಶಾಲೆ ಬೇಕು. ಶಾಲೆಯಲ್ಲಿ ಜಾಗವಿಲ್ಲದಿದ್ದರೆ ಗ್ರಂಥಾಲಯದ ಕೋಣೆಯಲ್ಲಾಗಲಿ. ಸಂಬಳ ಪಡೆಯುವ ಶಿಕ್ಷಕರಿರಲಿ. ವೆಚ್ಚ ವರ್ಷವರ್ಷವೂ ಬಜೆಟ್ಟಿನಲ್ಲಿ ನಮೂದಾಗಲಿ. ಪಾಠ ಕನ್ನಡದಲ್ಲಿ ನಡೆಯಲಿ. ತಮ್ಮನನ್ನು ಎತ್ತಿಕೊಂಡು ಬರುವ ಹುಡುಗಿಗೂ ಜಾಗವಿರಲಿ, ಕತ್ತಲಾಗುವ ಮುನ್ನ ಅವಳು ಮನೆ ಸೇರುವಂತಿರಲಿ. ಗಾಲಿಕುರ್ಚಿಯ ಮಗುವಿಗೆ ಬಾಗಿಲಲ್ಲಿ ಮೆಟ್ಟಿಲು ಅಡ್ಡವಾಗದಿರಲಿ.

ಓದುಗ ಬಂಧುಗಳೇ, ಶಾಲಾಭಿವೃದ್ಧಿ ಸಮಿತಿಯಲ್ಲಿ ಕೂಡುವ ತಂದೆತಾಯಂದಿರು ನೀವೇ. ನಗರಸಭೆಗೆ ತೆರಿಗೆ ಕಟ್ಟುವವರೂ ನೀವೇ. ಮುಂದಿನ ಬಜೆಟ್ಟಿಗೆ ಮೊದಲೇ ಸದಸ್ಯರ ಮನೆಬಾಗಿಲಿಗೆ ಹೋಗಿ ಕೇಳಿರಿ: ನಮ್ಮ ಮಕ್ಕಳ ಸಂಜೆಗೆ ಎಷ್ಟು ಹಣ ಇಟ್ಟಿದ್ದೀರಿ?