ಬಿರುಕಿಗೆ ಸಾಕ್ಷಿ ಕೇಳುವವರೇ, ಯಂತ್ರ ಎಲ್ಲಿಟ್ಟಿದ್ದೀರಿ?

2021ರ ಜನವರಿ 21. ರಾತ್ರಿ ಹತ್ತೂಕಾಲು ದಾಟಿತ್ತು. ತರೀಕೆರೆಯ ನಮ್ಮ ಮನೆಯ ನಾಗಂದಿಗೆಯ ಮೇಲೆ ಜೋಡಿಸಿಟ್ಟಿದ್ದ ಸ್ಟೀಲ್ ಲೋಟಗಳು ಒಮ್ಮೆಗೇ ಗಲಗಲ ಅಂದವು. ಯಾರೋ ಹೊರಗಿನಿಂದ ದೂಡಿದ ಹಾಗೆ ಕಿಟಕಿ ಬಡಿದುಕೊಂಡಿತು. ಐದೇ ನಿಮಿಷಕ್ಕೆ ಬೀದಿ ತುಂಬ ಜನ. ಕಡೂರಿನಿಂದ ಫೋನು, ಅಜ್ಜಂಪುರದಿಂದ ಫೋನು: 'ನಿಮ್ಮಲ್ಲೂ ಆಯ್ತಾ?' ಮಕ್ಕಳನ್ನು ಹೊದಿಕೆ ಸಮೇತ ಎತ್ತಿಕೊಂಡು ಬಂದವರು ಒಳಗೆ ಹೋಗಲು ಒಪ್ಪಲಿಲ್ಲ. ಭೂಕಂಪ ಎಂದೇ ಎಲ್ಲರೂ ತೀರ್ಮಾನಿಸಿದ್ದೆವು.

ಭೂಕಂಪ ಆಗಿರಲಿಲ್ಲ. ಶಿವಮೊಗ್ಗದ ಮಗ್ಗುಲಿನ ಹುಣಸೋಡಿನಲ್ಲಿ, ಕ್ರಷರ್ ಬಳಿ ನಿಂತಿದ್ದ ವಾಹನದಲ್ಲಿದ್ದ ಜಿಲೆಟಿನ್ ಸಿಡಿದಿತ್ತು. ಕನಿಷ್ಠ ಐವರು ಛಿದ್ರವಾಗಿ ಹೋದರು. ಹುಣಸೋಡಿಗೂ ತರೀಕೆರೆಗೂ ನೇರ ಗೆರೆ ಎಳೆದರೂ ಹತ್ತಾರು ಕಿ.ಮೀ., ಕಡೂರಿಗೆ ಇನ್ನೂ ದೂರ. ಮರುದಿನ ಭೇಟಿ, ಸಂತಾಪ, ತನಿಖೆಯ ಭರವಸೆ ಎಲ್ಲವೂ ಆಯಿತು. ಅದರ ಬೆನ್ನಿಗೇ, ಅರ್ಜಿ ಹಾಕಿದರೆ ಅಕ್ರಮ ಕ್ವಾರಿಗಳನ್ನು ಸಕ್ರಮ ಮಾಡುವ ಮಾತೂ ಸರ್ಕಾರದಿಂದ ಬಂತು! ತಿಂಗಳು ತುಂಬಿತು, ಚಿಕ್ಕಬಳ್ಳಾಪುರದ ಹಿರೇನಾಗವಲ್ಲಿಯಲ್ಲಿ ಮತ್ತೆ ಜಿಲೆಟಿನ್ ಸಿಡಿದು ಆರು ಜನ ಸತ್ತರು.

ಇವು ಸುದ್ದಿಯಾದ ಸಿಡಿತಗಳು. ಸುದ್ದಿಯಾಗದವು ಮಧ್ಯಾಹ್ನದ ಊಟದ ಹೊತ್ತಿಗೆ ಕೇಳಿಸುತ್ತವೆ. ಕ್ವಾರಿಯ ಹತ್ತಿರದ ಒಂದು ಮನೆಗೆ ಹೋಗಿದ್ದೆ. ಗೋಡೆಯ ಬಿರುಕಿಗೆ ಅಡ್ಡಲಾಗಿ ಮನೆಯೊಡತಿ ಮಗಳ ನೋಟ್‌ಬುಕ್ಕಿನ ಹಾಳೆ ಹರಿದು ಅಂಟಿಸಿ, ಮೇಲೆ ತಾರೀಖು ಬರೆದಿದ್ದರು. ಹಾಳೆ ನಡುವೆ ಸೀಳಿತ್ತು. ದೂರು ಕೊಟ್ಟಾಗ ಸಿಕ್ಕ ಉತ್ತರ: 'ಕ್ವಾರಿಯಿಂದಲೇ ಅಂತ ಸಾಕ್ಷಿ ಏನಿದೆ? ಪಾಯ ಸರಿ ಹಾಕಿಲ್ಲ, ಅಷ್ಟೆ.'

ಪಾಯ ಸರಿ ಇಲ್ಲದಿರಲೂಬಹುದು. ಕಂಪನವನ್ನು ಅಳೆಯುವುದು ಸೆಕೆಂಡಿಗೆ ಮಣ್ಣಿನ ಕಣ ಎಷ್ಟು ಮಿಲಿಮೀಟರ್ ವೇಗದಲ್ಲಿ ಅಲುಗಿತು ಎಂಬ ಲೆಕ್ಕದಲ್ಲಿ. ಒಂದು ಮಿ.ಮೀ.ಗಿಂತ ಕಡಿಮೆ ಇದ್ದರೂ ಮನುಷ್ಯನ ಪಾದಕ್ಕೆ ಗೊತ್ತಾಗುತ್ತದೆ, ಎದೆ ಝಲ್ಲೆನ್ನುತ್ತದೆ, ಗೋಡೆಗೆ ಮಾತ್ರ ಏನೂ ಆಗಿರುವುದಿಲ್ಲ. ಕೇಂದ್ರದ ಗಣಿ ಸುರಕ್ಷತಾ ಮಹಾನಿರ್ದೇಶನಾಲಯ 1997ರಲ್ಲೇ ಮಿತಿ ಹಾಕಿದೆ: ಕಂಪನದ ಆವರ್ತನ 8 ಹರ್ಟ್ಸ್‌ಗಿಂತ ಕೆಳಗಿದ್ದರೆ ಊರವರ ಮನೆಗಳಿಗೆ 5 ಮಿ.ಮೀ., ಪುರಾತನ ಕಟ್ಟಡಗಳಿಗೆ 2 ಮಿ.ಮೀ. ಅಂದರೆ ಕ್ವಾರಿಯವರ ಮಾತೂ ಕೆಲವೊಮ್ಮೆ ನಿಜ. ಹಾಗಿದ್ದ ಮೇಲೆ ಅಳೆದು ತೋರಿಸುವುದಕ್ಕೆ ಏನಡ್ಡಿ? ಅಂಗೈಯಷ್ಟು ಸಂವೇದಕವನ್ನು ಆ ಗೋಡೆಯ ಬುಡದಲ್ಲಿ ಹೂತು, ಗಾಳಿಯ ಒತ್ತಡಕ್ಕೊಂದು ಮೈಕು ಇಟ್ಟರೆ ಜಗಳ ಅರ್ಧ ಮುಗಿಯುತ್ತದೆ. ಆದರೆ ಯಂತ್ರ ಗಣಿಯವನದು, ದಿನ ಅವನು ಗೊತ್ತು ಮಾಡಿದ್ದು, ಅವತ್ತು ತುಂಬುವ ಮದ್ದೂ ಹದವಾಗಿ ಎಂದಾದರೆ ಅದಕ್ಕೆ ಅಳತೆ ಅನ್ನುವುದಿಲ್ಲ.

ಈ ವಿದ್ಯೆ ನಮಗೆ ಹೊಸದಲ್ಲ. ಕೋಲಾರದ ಚಿನ್ನದ ಗಣಿಯಲ್ಲಿ ಆಳದ ಬಂಡೆ ತಾನಾಗಿ ಸಿಡಿದು ಕಾರ್ಮಿಕರನ್ನು ಬಲಿ ತೆಗೆದುಕೊಳ್ಳುತ್ತಿದ್ದಾಗ, 1912ರಷ್ಟು ಹಿಂದೆಯೇ ಅಲ್ಲಿ ಭೂಕಂಪಮಾಪಕ ಕೂರಿಸಿದ್ದರು. 1988ರಲ್ಲಿ ರಾಷ್ಟ್ರೀಯ ಶಿಲಾ ಯಂತ್ರಶಾಸ್ತ್ರ ಸಂಸ್ಥೆ ಹುಟ್ಟಿದ್ದೂ ಕೆಜಿಎಫ್‌ನಲ್ಲೇ. ಭೂಗತ ಕಲ್ಲಿದ್ದಲು ಗಣಿಯ ಚಾವಣಿ ಕುಸಿಯುವ ಮುನ್ನ ಹೊರಡುವ ಸಣ್ಣ ಸದ್ದುಗಳಿಗೂ ಅದು ಕಿವಿಗೊಟ್ಟಿದೆ. ನಮ್ಮಲ್ಲಿ ಕಲ್ಲಿದ್ದಲಿಲ್ಲ, ಜಲ್ಲಿಕಲ್ಲಿದೆ. ಜಲ್ಲಿಕಲ್ಲಿನ ಸದ್ದಿಗೆ ಕಿವಿಗೊಡುವುದು ಗೌರವಕ್ಕೆ ಕಡಿಮೆಯೇ?

ದಾಖಲೆ ಇದ್ದರೆ ಏನಾಗುತ್ತದೆ ಎನ್ನುವುದಕ್ಕೆ ಮಂಡ್ಯ ನೋಡಿ. 2018ರ ಸೆಪ್ಟೆಂಬರ್ 25ರಂದು ಕೆಆರ್‌ಎಸ್ ಅಣೆಕಟ್ಟಿನ ಭೂಕಂಪಮಾಪಕದಲ್ಲಿ ಸ್ಫೋಟದ ಕಂಪನ ಮೂಡಿತು. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಎಚ್ಚರಿಸಿತು. ಅಣೆಕಟ್ಟಿಗೆ ಹತ್ತಿರದ ಬೇಬಿ ಬೆಟ್ಟದ ಕ್ವಾರಿಗಳ ವಿರುದ್ಧದ ಹೋರಾಟಕ್ಕೆ ಕಾಲು ಬಂದದ್ದು ಮಾಪಕದ ಆ ಗೀಟಿನಿಂದ. 2024ರ ಜನವರಿಯಲ್ಲಿ ಹೈಕೋರ್ಟ್ ಅಣೆಕಟ್ಟಿನ 20 ಕಿ.ಮೀ. ಸುತ್ತ ಗಣಿಗಾರಿಕೆಗೆ ತಡೆ ಹಾಕಿತು. ಕಾಯಬೇಕಾದದ್ದು ನಮ್ಮಲ್ಲೂ ಇದೆ: ಭದ್ರಾ ಅಣೆಕಟ್ಟೆ ನಿಂತಿರುವ ಲಕ್ಕವಳ್ಳಿ ನಮ್ಮದೇ ತಾಲ್ಲೂಕು. 1196ರ ಅಮೃತಾಪುರದ ದೇವಸ್ಥಾನವೂ ಇಲ್ಲಿಯದೇ.

ಹುಣಸೋಡಿನ ಗುಡುಗಿಗೆ ಮೂರು ತಾಲ್ಲೂಕು ಬೀದಿಗೆ ಬಂದಿತ್ತು. ಅಂಥದ್ದಕ್ಕಿಂತ ಸಣ್ಣದು ದಿನವೂ ಕೇಳುವ ಹಳ್ಳಿಗಳಿಗೆ ಒಂದು ಯಂತ್ರ ಕೊಡುವುದು ದೊಡ್ಡ ಖರ್ಚಲ್ಲ. ರಾಜಧನದಲ್ಲೇ ಕೊಳ್ಳಿ. ಯಂತ್ರ ಪಂಚಾಯ್ತಿಯ ವಶದಲ್ಲಿರಲಿ. ಯಾವ ದಿನ, ಎಷ್ಟು ಗಂಟೆಗೆ, ಎಷ್ಟು ಮಿ.ಮೀ. ಎಂಬುದು ಪಂಚಾಯ್ತಿ ಬೋರ್ಡಿನ ಮೇಲೆ ಬರಲಿ. ಮಿತಿ ಮೀರಿದ ದಿನವೇ ಪರವಾನಗಿ ಅಮಾನತಾಗಲಿ.

ಮುಂದಿನ ಗ್ರಾಮಸಭೆಯಲ್ಲಿ ಇದನ್ನು ಕೇಳಿ. ಬಾಯಿಮಾತಿಗೆ ಬಿಡಬೇಡಿ, ನಡಾವಳಿ ಪುಸ್ತಕದಲ್ಲಿ ಬರೆಸಿ, ಪ್ರತಿ ಇಸಿದುಕೊಂಡೇ ಎದ್ದು ಬನ್ನಿ.