ನಾಲ್ಕು ಸಾವಿರ ಕೋಟಿ ಸುರಿದರೂ ಲಿಡ್ಲ್ ಎಡವಿದ್ದೆಲ್ಲಿ? ಗಡಿನಾಡಿನ ಸೂಪರ್ ಮಾರ್ಕೆಟ್‌ಗಳು ನೋಡಬೇಕಾದ ಲೆಕ್ಕ

ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡು... ಹೆದ್ದಾರಿ ಬದಿಯಲ್ಲಿ ಈಗ ಸೂಪರ್ ಮಾರ್ಕೆಟ್‌ಗಳಿಗೆ ಬರವಿಲ್ಲ. ಗಲ್ಫ್‌ನ ಅಂಗಡಿಗಳಲ್ಲಿ ಸೇಲ್ಸ್‌ಮ್ಯಾನ್, ಕ್ಯಾಶಿಯರ್ ಆಗಿ ವರ್ಷಗಟ್ಟಲೆ ದುಡಿದವರು ಊರಿಗೆ ಬಂದು, ಉಳಿಸಿದ ಹಣ ಹಾಕಿ ವ್ಯಾಪಾರಕ್ಕಿಳಿಯುವುದು ಈ ಭಾಗಕ್ಕೆ ಹೊಸತೂ ಅಲ್ಲ. ಹೀಗೆ ಇಳಿಯುವ ಯುವಕರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: "ಯಾವ ಸಾಫ್ಟ್‌ವೇರ್ ಹಾಕಿದ್ರೆ ಒಳ್ಳೇದು?" ಅದಕ್ಕೂ ಮೊದಲು ಕೇಳಬೇಕಾದ ಇನ್ನೊಂದು ಪ್ರಶ್ನೆ ಇದೆ. ಈ ಅಂಗಡಿಗೆ ಲಾಭ ಎಲ್ಲಿಂದ ಬರಬೇಕು, ನಷ್ಟ ಎಲ್ಲಿ ಸೋರುತ್ತದೆ? ಅದಕ್ಕೆ ಉತ್ತರ ಸಿಗದೆ ಕಂಪ್ಯೂಟರ್‌ಗೆ ಹಣ ಸುರಿದರೆ ಏನಾಗುತ್ತದೆ ಎಂಬುದನ್ನು ದೊಡ್ಡ ದೊಡ್ಡ ಕಂಪೆನಿಗಳೇ ಅನುಭವಿಸಿವೆ.

ಜರ್ಮನಿಯ ಲಿಡ್ಲ್ ಯುರೋಪ್‌ನ ಅತಿ ದೊಡ್ಡ ಅಗ್ಗದ ದರದ ಸೂಪರ್ ಮಾರ್ಕೆಟ್ ಸರಣಿಗಳಲ್ಲಿ ಒಂದು. ತನ್ನ ಹಳೆಯ ಸ್ಟಾಕ್ ವ್ಯವಸ್ಥೆಯನ್ನು ಬಿಟ್ಟು, ಅದೇ ದೇಶದ ಸ್ಯಾಪ್ ಕಂಪೆನಿಯ ಸಾಫ್ಟ್‌ವೇರ್‌ಗೆ ಬದಲಾಗುವ ಕೆಲಸವನ್ನು ಅದು 2011ರಲ್ಲಿ ಶುರು ಮಾಡಿತು. ಏಳು ವರ್ಷ ಕಳೆಯಿತು. 2018ರ ಜುಲೈಯಲ್ಲಿ ಇಡೀ ಯೋಜನೆಯನ್ನೇ ಕೈಬಿಟ್ಟು ಹಳೆಯ ವ್ಯವಸ್ಥೆಗೆ ಮರಳಿತು. ಅಷ್ಟರಲ್ಲಿ ಆದ ಖರ್ಚು ಸುಮಾರು 50 ಕೋಟಿ ಯೂರೋ ಎಂದು ಮಾಧ್ಯಮಗಳು ವರದಿ ಮಾಡಿದವು. ಆಗಿನ ದರದಲ್ಲಿ ಸುಮಾರು 4,000 ಕೋಟಿ ರೂಪಾಯಿ!

ಗಂಟು ಬಿದ್ದದ್ದು ಎಲ್ಲಿ ಅಂದರೆ, ನಮ್ಮ ದಿನಸಿ ಅಂಗಡಿಯವರಿಗೂ ಅರ್ಥವಾಗುವ ಜಾಗದಲ್ಲಿ. 1,000 ರೂಪಾಯಿಗೆ ಖರೀದಿಸಿ 1,100ಕ್ಕೆ ಮಾರುವ ಅಕ್ಕಿ ಚೀಲ ಗೋಡೌನ್‌ನಲ್ಲಿದೆ ಅನ್ನಿ. ಸ್ಟಾಕ್ ಪುಸ್ತಕದಲ್ಲಿ ಅದರ ಬೆಲೆ ಎಷ್ಟು? ಲಿಡ್ಲ್ ಮೊದಲಿನಿಂದಲೂ ಖರೀದಿ ಬೆಲೆ ಬರೆಯುತ್ತಿತ್ತು. ಸ್ಯಾಪ್‌ನ ಸಿದ್ಧ ಸಾಫ್ಟ್‌ವೇರ್ ಮಾರಾಟ ಬೆಲೆಯನ್ನು ಹಿಡಿಯುತ್ತಿತ್ತು. ಲಿಡ್ಲ್ ತನ್ನ ಪದ್ಧತಿ ಬಿಡಲಿಲ್ಲ, ಸಾಫ್ಟ್‌ವೇರನ್ನೇ ತಿದ್ದಿಸತೊಡಗಿತು. ಒಂದು ಕಡೆ ತಿದ್ದಿದರೆ ಇನ್ನೊಂದು ಕಡೆ ಹೊಲಿಗೆ ಬಿಡುತ್ತದೆ. ಪದ್ಧತಿ ಬದಲಾಯಿಸುವುದೋ, ಬೇರೆ ಸಾಫ್ಟ್‌ವೇರ್ ಹುಡುಕುವುದೋ ಎಂಬುದನ್ನು ಮೊದಲ ವರ್ಷವೇ ತೀರ್ಮಾನಿಸಬೇಕಿತ್ತು. ಅದು ಕಂಪ್ಯೂಟರ್ ವಿಭಾಗದ ತೀರ್ಮಾನ ಅಲ್ಲ, ಧಣಿಗಳದ್ದು.

ಅಮೆರಿಕದ ಟಾರ್ಗೆಟ್ ಕೆನಡಾದಲ್ಲಿ ಮುಳುಗಿದ ಕಥೆ ಬೇರೆ. 2011ರಲ್ಲಿ ಅಲ್ಲಿನ ಝೆಲ್ಲರ್ಸ್ ಅಂಗಡಿಗಳ ಜಾಗಗಳನ್ನು ಗುತ್ತಿಗೆಗೆ ಪಡೆದು, 2013ರಲ್ಲಿ ಗಡಿಬಿಡಿಯಿಂದ ತೆರೆಯಿತು. ಸಾವಿರಾರು ಸಾಮಾನುಗಳ ವಿವರ ತುಂಬುವಾಗ ಇಂಚು–ಸೆಂಟಿಮೀಟರ್ ಅದಲುಬದಲಾಯಿತು, ಉದ್ದ–ಅಗಲ ತಿರುಗುಮುರುಗಾಯಿತು. ಗೋಡೌನ್ ತುಂಬಿ ತುಳುಕುತ್ತಿತ್ತು, ಅಂಗಡಿಯ ಶೆಲ್ಫ್ ಖಾಲಿ. 2015ರ ಜನವರಿಯಲ್ಲಿ 133 ಅಂಗಡಿಗಳನ್ನೂ ಮುಚ್ಚುವುದಾಗಿ ಘೋಷಿಸಿತು. 17,000ಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು.

ಇಷ್ಟು ದೊಡ್ಡ ಲೆಕ್ಕಗಳಿಗೂ ಉಪ್ಪಳದ ಎರಡು ಕೌಂಟರಿನ ಅಂಗಡಿಗೂ ಏನು ಸಂಬಂಧ ಅನ್ನಿಸಬಹುದು. ರಮಝಾನ್ ವ್ಯಾಪಾರವನ್ನೇ ನೋಡಿ. ಖರ್ಜೂರ, ಮೈದಾ, ಹಣ್ಣು, ಶರಬತ್ತು ಇವಕ್ಕೆಲ್ಲ ವರ್ಷದ ಅತಿ ಹೆಚ್ಚು ಬೇಡಿಕೆ ಬರುವ ತಿಂಗಳು ಅದು. ಸಿದ್ಧ ಸಾಫ್ಟ್‌ವೇರ್ "ಕಳೆದ ವರ್ಷ ಇದೇ ತಿಂಗಳು" ಎಂದು ಇಂಗ್ಲಿಷ್ ಕ್ಯಾಲೆಂಡರ್ ಹಿಡಿದು ಹೋಲಿಸುತ್ತದೆ. ರಮಝಾನ್ ಮಾತ್ರ ಪ್ರತಿ ವರ್ಷ ಹತ್ತು–ಹನ್ನೊಂದು ದಿನ ಮುಂಚೆ ಬರುತ್ತದೆ. 2025ರಲ್ಲಿ ಮಾರ್ಚ್ ಆರಂಭದಲ್ಲಿ ಬಂದ ಉಪವಾಸ 2026ರಲ್ಲಿ ಫೆಬ್ರವರಿ ಮೂರನೇ ವಾರಕ್ಕೇ ಬಂತು. ಯಂತ್ರ ತೋರಿಸಿದಂತೆ ಆರ್ಡರ್ ಹಾಕಿದವರಿಗೆ ಮೊದಲ ವಾರ ಸ್ಟಾಕ್ ಸಾಲದು, ಪೆರ್ನಾಲ್ ಕಳೆದ ಮೇಲೆ ಖರ್ಜೂರದ ಪೆಟ್ಟಿಗೆ ಉಳಿದು ಕೂರುತ್ತದೆ. 2030ರಲ್ಲಂತೂ ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಯಲ್ಲೊಮ್ಮೆ, ಹೀಗೆ ಎರಡು ರಮಝಾನ್ ಆರಂಭವಾಗಲಿವೆ. ಆ ವರದಿ ಹೇಗಿರುತ್ತದೋ! ಹಿಜ್ರಿ ತಿಂಗಳ ಪ್ರಕಾರ ಹೋಲಿಸುವ ಒಂದು ವರದಿ ಮಾಡಿಸಿಕೊಳ್ಳುವುದು ದೊಡ್ಡ ಖರ್ಚಿನ ಕೆಲಸವೇನೂ ಅಲ್ಲ. ಆದರೆ ಅದು ಬೇಕೆಂದು ಅಂಗಡಿಯವರೇ ಕೇಳಬೇಕು. ಸಾಫ್ಟ್‌ವೇರ್ ಮಾರುವವನಿಗೆ ಅದು ಹೊಳೆಯಲಿಕ್ಕಿಲ್ಲ.

ಗಡಿಯ ತಾಪತ್ರಯ ಬೇರೆಯೇ ಇದೆ. ಮಂಗಳೂರು ಬಂದರಿನ ಸಗಟು ಅಂಗಡಿಯಿಂದ ತಲಪಾಡಿ ದಾಟಿ ಬರುವ ಸರಕು ಅಂತಾರಾಜ್ಯ ಖರೀದಿ, ಅದಕ್ಕೆ ಐಜಿಎಸ್‌ಟಿ. ಕಾಸರಗೋಡಿನ ಸಗಟುಗಾರನಿಂದ ತಂದರೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಎರಡನ್ನೂ ಬಿಲ್ ಪ್ರಕಾರ ಸರಿಯಾಗಿ ದಾಖಲಿಸದಿದ್ದರೆ ಕಟ್ಟಿದ ತೆರಿಗೆಯ ಇನ್‌ಪುಟ್ ಕ್ರೆಡಿಟ್ ಪಡೆಯುವಾಗ ಲೆಕ್ಕ ತಾಳೆಯಾಗುವುದಿಲ್ಲ. ಅಂಗಡಿಯ ಹಣ ಅಷ್ಟರಮಟ್ಟಿಗೆ ಕಟ್ಟಿಬೀಳುತ್ತದೆ. ಕೌಂಟರಿನಲ್ಲಿ ಬಿಲ್ ಬೇಗ ಹೊಡೆಯುವ ಸಾಫ್ಟ್‌ವೇರ್‌ಗೆ ಹಣ ಕೊಡುವವರು, ಖರೀದಿ ಬಿಲ್ ದಾಖಲಿಸಲು ಒಬ್ಬನನ್ನು ಕೂರಿಸಲು ಹಿಂದೆಮುಂದೆ ನೋಡುತ್ತಾರೆ. ಗಲ್ಫ್‌ನ ಹೈಪರ್ ಮಾರ್ಕೆಟ್‌ನಲ್ಲಿ ದುಡಿದವರಿಗೆ ಈ ಕೆಲಸದ ಬೆಲೆ ಗೊತ್ತು. ಅಲ್ಲಿ ಸರಕು ಇಳಿಸಿಕೊಳ್ಳುವಾಗಲೇ ಎಣಿಸಿ, ಎಕ್ಸ್‌ಪೈರಿ ನೋಡಿ ದಾಖಲಿಸಿದ ಮೇಲಷ್ಟೇ ಅದು ಶೆಲ್ಫ್‌ಗೆ ಹೋಗುತ್ತದೆ.